ವಿಳಾಸ: ವೈಲಿ ಅವೆನ್ಯೂ, ಪಿಟ್ಸ್‌ಬರ್ಗ್

ಅಪ್ಪ ಪೋಸ್ಟ್‌ಮ್ಯಾನ್ ಆಗಿದ್ದವರು. ಮೂವತ್ನಾಲ್ಕು ವರ್ಷ ತಿಪಟೂರು ಸುತ್ತಿನ ಹಳ್ಳಿಗಳಲ್ಲಿ ಸೈಕಲ್ ತುಳಿದು ಕಾಗದ ಹಂಚಿದರು. ನಿವೃತ್ತರಾಗಿ ಎಷ್ಟೋ ಕಾಲವಾಯಿತು. ಆದರೂ ಯಾವ ಬೀದಿಗೆ ಕಾಲಿಟ್ಟರೂ ಅವರ ಕಣ್ಣು ಮೊದಲು ಹೋಗುವುದು ಬಾಗಿಲ ಮೇಲಿನ ನಂಬರಿಗೆ. ನಡುವೆ ಒಂದು ನಂಬರು ತಪ್ಪಿದ್ದರೆ ಅಲ್ಲೇ ನಿಂತುಬಿಡುತ್ತಾರೆ. "ಈ ಮನೆ ಏನಾಯ್ತು?" ಅಂತ ಕೇಳದೆ ಮುಂದೆ ಹೋಗುವವರಲ್ಲ.

ಅವರು ನಮ್ಮ ಜೊತೆ ಇರಲು ಪಿಟ್ಸ್‌ಬರ್ಗ್‌ಗೆ ಬಂದಿದ್ದಾಗ ಒಂದು ರಾತ್ರಿ ಊಟ ಮುಗಿಸಿ ಎದ್ದವರು ಗೋಡೆ ಹಿಡಿದು ನಿಂತರು. ಎದೆ ಹಿಂಡಿದ ಹಾಗಾಗುತ್ತಿದೆ ಅಂದರು. ಹಣೆಯಲ್ಲಿ ಬೆವರು. ಫೋನ್ ಮಾಡಿದ ಏಳೆಂಟು ನಿಮಿಷಕ್ಕೆ ಆಂಬುಲೆನ್ಸ್ ಬಂತು. ಇಬ್ಬರು ಒಳಗೆ ಬಂದರು. ಒಬ್ಬ ನಡುವಯಸ್ಸಿನ ಕಪ್ಪು ಮನುಷ್ಯ, ಇನ್ನೊಬ್ಬಳು ಚಿಕ್ಕ ಹುಡುಗಿ. ಅಪ್ಪನ ಬನಿಯನ್ ಮೇಲೆತ್ತಿ ಎದೆಗೆ ಅಂಟುಪಟ್ಟಿ ಅಂಟಿಸಿದರು. ನಮ್ಮ ಹಾಲ್‌ನಲ್ಲೇ ಇಸಿಜಿ ತೆಗೆದರು. ಕೈಗೆ ಸೂಜಿ ಚುಚ್ಚಿದರು. ಆಸ್ಪತ್ರೆ ತಲುಪುವ ಮೊದಲೇ ಅರ್ಧ ಚಿಕಿತ್ಸೆ ಆಗಿಹೋಗಿತ್ತು. ನನ್ನ ಕೈ ನಡುಗುವುದನ್ನು ನೋಡಿ ಆ ಮನುಷ್ಯ ದಾರಿಯಲ್ಲಿ ಹೇಳಿದ: "ಹೆದರಬೇಡಿ. ಈ ಕೆಲಸವನ್ನ ದೇಶಕ್ಕೆ ಕಲಿಸಿದ್ದೇ ನಮ್ಮ ಊರು. ಹಿಲ್‌ನ ಹುಡುಗರು."

ಅಪ್ಪ ಉಳಿದುಕೊಂಡರು. ಆ ಮಾತೂ ನನ್ನಲ್ಲಿ ಉಳಿದುಕೊಂಡಿತು. ಯಾಕೆಂದರೆ ಹಿಲ್ ಡಿಸ್ಟ್ರಿಕ್ಟ್ ಅನ್ನುವ ಆ ಗುಡ್ಡದ ಬಡಾವಣೆ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ಮಾತು. ಊರಿಗೆ ಬಂದ ಹೊಸದರಲ್ಲಿ ಯಾರೋ ಹೇಳಿದ್ದರು: "ಕತ್ತಲಾದ ಮೇಲೆ ಆ ಕಡೆ ಹೋಗಬೇಡಿ." ಒಂಬತ್ತು ವರ್ಷ ನಾನು ಆ ಕಡೆ ಹೋಗಲಿಲ್ಲ. ಹಗಲಲ್ಲೂ ಹೋಗಲಿಲ್ಲ. ಅಷ್ಟೇ ಅಲ್ಲ, ಹೊಸದಾಗಿ ಬಂದ ನಮ್ಮವರಿಗೂ ಅದೇ ಮಾತು ದಾಟಿಸಿದ್ದೆ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ತಿಂಗಳಿಗೊಮ್ಮೆ ಹೋಗಿ, ಪ್ರಸಾದದ ಪುಳಿಯೋಗರೆ ತಿಂದು, ಪೇಟೆಗೆ ಬಂದು ಹೋಗುವಾಗ ಬಲಕ್ಕೋ ಎಡಕ್ಕೋ ಕಾಣುತ್ತಿದ್ದ ಆ ಗುಡ್ಡದಲ್ಲಿ ಯಾರಿದ್ದಾರೆ ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈ ಬರಹ ಆ ತಪ್ಪಿಗೆ.

ಅಪ್ಪ ಓಡಾಡುವಂತಾದ ಮೇಲೆ ಒಂದು ಭಾನುವಾರ ಅವರನ್ನು ಕರೆದುಕೊಂಡು ಹೋದೆ.

ಪಿಟ್ಸ್‌ಬರ್ಗ್‌ನ ಪೇಟೆ ಎರಡು ನದಿ ಕೂಡುವ ಮೂಲೆಯಲ್ಲಿದೆ. ಅದರ ಬೆನ್ನಿಗೇ ಗುಡ್ಡ ಏರುತ್ತದೆ. ಕೆಳಗಿನದು ಲೋವರ್ ಹಿಲ್, ಆಮೇಲೆ ಮಿಡಲ್, ಮೇಲಿನದು ಅಪ್ಪರ್. ಅಲ್ಲಿಯವರ ಬಾಯಲ್ಲಿ ಎಲ್ಲ ಸೇರಿ ಬರೀ "ದ ಹಿಲ್". ಮೊದಲಿಂದಲೂ ಬಡವರು ಬಂದು ಇಳಿಯುತ್ತಿದ್ದ ಜಾಗ ಅದು. ಯಹೂದಿಗಳು, ಇಟಲಿಯವರು, ಸಿರಿಯಾದವರು, ಎಲ್ಲರೂ ಅಕ್ಕಪಕ್ಕ ಇದ್ದರು. ಮೊದಲ ಮಹಾಯುದ್ಧದ ಹೊತ್ತಿಗೆ ಉಕ್ಕಿನ ಕಾರ್ಖಾನೆಗಳಿಗೆ ಆಳು ಸಾಲದಾದಾಗ ದಕ್ಷಿಣದ ವರ್ಜೀನಿಯಾ, ಜಾರ್ಜಿಯಾ, ಅಲಬಾಮಾಗಳಿಂದ ಕಪ್ಪು ಜನ ರೈಲು ಹತ್ತಿ ಬಂದರು. ಅಲ್ಲಿ ಹತ್ತಿ ಹೊಲದ ಸಾಲ ಮತ್ತು ಮರಕ್ಕೆ ನೇಣು ಹಾಕುವ ಗುಂಪುಗಳ ಭಯ. ಇಲ್ಲಿ ಕುಲುಮೆಯ ಮುಂದೆ ನಿಲ್ಲುವ, ಬಿಳಿಯರು ಬೇಡ ಅಂದ ಕೆಲಸ. ಆದರೂ ಬಂದರು. 1910ರಲ್ಲಿ ನಗರದಲ್ಲಿ ಸುಮಾರು 25,000 ಇದ್ದ ಕಪ್ಪು ಜನ 1930ಕ್ಕೆ 55,000 ಹತ್ತಿರ ಆದರು. ಬೇರೆ ಕಡೆ ಬಾಡಿಗೆಗೆ ಮನೆ ಕೊಡುತ್ತಿರಲಿಲ್ಲ. ಹಾಗಾಗಿ ಹೆಚ್ಚಿನವರು ಸೇರಿದ್ದು ಈ ಗುಡ್ಡವನ್ನೇ.

ಆ ಗುಡ್ಡದ ಬೆನ್ನೆಲುಬು ವೈಲಿ ಅವೆನ್ಯೂ. ಒಂದು ತುದಿಯಲ್ಲಿ ಚರ್ಚು, ಇನ್ನೊಂದು ತುದಿಯಲ್ಲಿ ಜೈಲು ಇರುವ ರಸ್ತೆ ಅಮೆರಿಕದಲ್ಲಿ ಇದೊಂದೇ ಅಂತ ಅಲ್ಲಿಯವರು ಹೇಳುತ್ತಿದ್ದರು. ವೈಲಿ ಮತ್ತು ಫುಲ್ಲರ್ಟನ್ ಬೀದಿ ಸೇರುವ ಜಾಗಕ್ಕೆ "ಜಗತ್ತಿನ ಕೂಡುರಸ್ತೆ" ಅಂತ ಹೆಸರಿತ್ತು. ಕ್ಷೌರದಂಗಡಿ, ಔಷಧಿ ಅಂಗಡಿ, ಹೊಲಿಗೆಯವರು, ದಂತವೈದ್ಯರು, ಮೀನು ಕರಿಯುವವರು. ಸಂಜೆಯಾದರೆ ಸಂಗೀತ. ಕ್ರಾಫರ್ಡ್ ಗ್ರಿಲ್ ಅಂತ ಒಂದು ಹೋಟೆಲಿತ್ತು. ಅದರ ಎರಡನೇ ಶಾಖೆ ಮಿಡಲ್ ಹಿಲ್‌ನಲ್ಲಿ 1943ರಲ್ಲಿ ಶುರುವಾಯಿತು. ಜಾನ್ ಕೋಲ್ಟ್ರೇನ್, ಮೈಲ್ಸ್ ಡೇವಿಸ್ ಅಲ್ಲಿ ನುಡಿಸಿದ್ದಾರೆ. ಜಾಝ್ ಡ್ರಮ್ಮಿನ ದೊಡ್ಡ ಹೆಸರು ಆರ್ಟ್ ಬ್ಲೇಕಿ ಈ ಗುಡ್ಡದಲ್ಲೇ ಬೆಳೆದ ಹುಡುಗ.

ಆ ಗ್ರಿಲ್‌ನ ಯಜಮಾನ ಗಸ್ ಗ್ರೀನ್ಲೀ. ಹಣ ಬಂದದ್ದು ನಂಬರ್ ಆಟದಿಂದ, ನಮ್ಮ ಮಟ್ಕಾ ಇದ್ದ ಹಾಗೆ. ಕಾನೂನಿನ ಕಣ್ಣಲ್ಲಿ ಅಪರಾಧ, ನಿಜ. ಆದರೆ ಬ್ಯಾಂಕುಗಳು ಕಪ್ಪು ಜನರಿಗೆ ಸಾಲದ ಬಾಗಿಲು ಮುಚ್ಚಿದ್ದ ಕಾಲ ಅದು. ಕೈಸಾಲ, ಅಂಗಡಿಗೆ ಬಂಡವಾಳ ಎಲ್ಲ ಇಂಥವರ ಕಿಸೆಯಿಂದಲೇ ಬರುತ್ತಿತ್ತು. ಗ್ರೀನ್ಲೀ 1932ರಲ್ಲಿ ಬೆಡ್‌ಫರ್ಡ್ ಅವೆನ್ಯೂನಲ್ಲಿ ತನ್ನದೇ ಬೇಸ್‌ಬಾಲ್ ಮೈದಾನ ಕಟ್ಟಿದ. ಬಿಳಿಯರ ಲೀಗ್‌ಗಳಲ್ಲಿ ಕಪ್ಪು ಆಟಗಾರರಿಗೆ ಜಾಗವಿರಲಿಲ್ಲ. ಅವನ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡದಲ್ಲಿ ಸ್ಯಾಚಲ್ ಪೇಜ್, ಜಾಶ್ ಗಿಬ್ಸನ್ ಆಡಿದರು. ಗಿಬ್ಸನ್ 1947ರಲ್ಲಿ, ಮೂವತ್ತೈದಕ್ಕೇ ತೀರಿಕೊಂಡ. ಆ ಲೀಗ್‌ಗಳ ಲೆಕ್ಕವನ್ನೂ ಸೇರಿಸಿಕೊಂಡ ಮೇಲೆ, 2024ರಲ್ಲಿ, ಅಮೆರಿಕದ ಇಡೀ ಬೇಸ್‌ಬಾಲ್ ಚರಿತ್ರೆಯಲ್ಲಿ ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿ ಅವನದೇ ಅಂತ ದಾಖಲಾಯಿತು. ಎಪ್ಪತ್ತೇಳು ವರ್ಷ ತಡವಾಗಿ.

ಅಪ್ಪನಿಗೆ ಹಿಡಿಸಿದ್ದು ಮಾತ್ರ ಪತ್ರಿಕೆಯ ಕತೆ. ಪಿಟ್ಸ್‌ಬರ್ಗ್ ಕೂರಿಯರ್ 1907ರಲ್ಲಿ ಶುರುವಾದ ವಾರಪತ್ರಿಕೆ. ರಾಬರ್ಟ್ ವಾನ್ ಅನ್ನುವ ವಕೀಲರು ಅದನ್ನು ಬೆಳೆಸಿದರು. ಅದರ ಕಚೇರಿ ಗುಡ್ಡದಲ್ಲೇ, ಸೆಂಟರ್ ಅವೆನ್ಯೂನಲ್ಲಿ. 1940ರ ದಶಕದಲ್ಲಿ ವಾರಕ್ಕೆ ಮೂರೂವರೆ ಲಕ್ಷ ಪ್ರತಿ ಹೋಗುತ್ತಿತ್ತು. ದಕ್ಷಿಣದ ಊರುಗಳಲ್ಲಿ ಈ ಪತ್ರಿಕೆ ಕಂಡರೆ ಅಧಿಕಾರದಲ್ಲಿದ್ದವರಿಗೆ ಆಗುತ್ತಿರಲಿಲ್ಲ. ಹಾಗಾಗಿ ರೈಲಿನಲ್ಲಿ ಹಾಸಿಗೆ ಹಾಸುವ ಕೆಲಸದ ಕಪ್ಪು ಪೋರ್ಟರುಗಳು ಕಟ್ಟುಗಳನ್ನು ಗುಟ್ಟಾಗಿ ಒಯ್ದು ಊರ ಹೊರಗೆ ಇಳಿಸುತ್ತಿದ್ದರು. "ಅವರೂ ನಮ್ಮ ಕೆಲಸದವರೇ" ಅಂದರು ಅಪ್ಪ. ಯುದ್ಧದ ವರ್ಷಗಳಲ್ಲಿ ಕುಮಾರ್ ಘೋಷಾಲ್ ಅನ್ನುವ ಬಂಗಾಳಿಯೊಬ್ಬರು ಇದೇ ಪತ್ರಿಕೆಯಲ್ಲಿ ಭಾರತದ ಸ್ವಾತಂತ್ರ್ಯದ ಬಗ್ಗೆ ಅಂಕಣ ಬರೆಯುತ್ತಿದ್ದರು. ನಾವು ಬ್ರಿಟಿಷರ ಕೈಯಲ್ಲಿ ಅನುಭವಿಸುತ್ತಿದ್ದದ್ದನ್ನು ಈ ಗುಡ್ಡದ ಜನ ತಮ್ಮ ಊಟದ ಮೇಜಿನ ಮೇಲೆ ಓದುತ್ತಿದ್ದರು. ನಾವೇ ಅವರನ್ನು ಓದಲಿಲ್ಲ, ಅಲ್ವಾ?

1942ರ ಜನವರಿಯಲ್ಲಿ ಕೂರಿಯರ್‌ಗೆ ಒಂದು ಕಾಗದ ಬಂತು. ಕಾನ್ಸಾಸ್‌ನ ವಿಚಿಟಾ ಊರಿನಿಂದ, ವಿಮಾನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ ಜೇಮ್ಸ್ ಥಾಂಪ್ಸನ್ ಅನ್ನುವ ಇಪ್ಪತ್ತಾರರ ಯುವಕನಿಂದ. ಅರ್ಧ ಅಮೆರಿಕನ್ನನಾಗಿ ಬದುಕುವುದಕ್ಕೋಸ್ಕರ ನಾನು ಪ್ರಾಣ ಕೊಡಬೇಕೆ ಅಂತ ಆತ ಕೇಳಿದ್ದ. ಹೊರಗಿನ ಶತ್ರುವಿನ ಮೇಲೆ ಒಂದು ಗೆಲುವು, ಮನೆಯೊಳಗಿನ ಭೇದದ ಮೇಲೆ ಇನ್ನೊಂದು ಗೆಲುವು ಬೇಕು ಅಂತ ಬರೆದಿದ್ದ. ಪತ್ರಿಕೆ ಅದನ್ನೇ ಚಳವಳಿ ಮಾಡಿತು. ವಿಕ್ಟರಿ, ಅಂದರೆ ಗೆಲುವಿನ, ಎರಡು ವಿ ಅಕ್ಷರಗಳ ಗುರುತು ದೇಶದ ತುಂಬ ಹರಡಿತು. "ಒಂದು ಕಾಗದದಿಂದ!" ಅಂತ ಅಪ್ಪ ಎರಡು ಸಲ ಹೇಳಿದರು.

ಕೂರಿಯರ್‌ನ ಫೋಟೋಗ್ರಾಫರ್ ಚಾರ್ಲ್ಸ್ ಹ್ಯಾರಿಸ್. ಎಲ್ಲರೂ ಕರೆಯುತ್ತಿದ್ದದ್ದು ಟೀನಿ ಅಂತ. ನಾಲ್ಕು ದಶಕ ಈ ಗುಡ್ಡದ ಮದುವೆ, ಮೆರವಣಿಗೆ, ಸಾವು, ಶಾಲೆ, ಅಂಗಡಿ ಎಲ್ಲವನ್ನೂ ತೆಗೆದರು. ಸುಮಾರು 80,000 ನೆಗೆಟಿವ್‌ಗಳು ಈಗ ಕಾರ್ನೆಗಿ ಕಲಾ ಸಂಗ್ರಹಾಲಯದಲ್ಲಿವೆ. ಒಂದೇ ಕ್ಲಿಕ್‌ನಲ್ಲಿ ಕೆಲಸ ಮುಗಿಸುತ್ತಿದ್ದರಿಂದ ಅವರಿಗೆ "ಒನ್ ಶಾಟ್" ಅಂತ ಅಡ್ಡಹೆಸರು ಇಟ್ಟವರು ಮೇಯರ್ ಡೇವಿಡ್ ಲಾರೆನ್ಸ್. ಈ ಲಾರೆನ್ಸ್ ಹೆಸರು ನೆನಪಿಟ್ಟುಕೊಳ್ಳಿ.

1943ರಲ್ಲಿ ನಗರಸಭೆಯ ಸದಸ್ಯ ಜಾರ್ಜ್ ಎವನ್ಸ್ ಒಂದು ಲೇಖನ ಬರೆದರು. ಈ ಪ್ರದೇಶದ ನೂರಕ್ಕೆ ತೊಂಬತ್ತು ಕಟ್ಟಡಗಳು ಕೆಟ್ಟುಹೋಗಿವೆ, ಎಲ್ಲವನ್ನೂ ನೆಲಸಮ ಮಾಡಿದರೂ ಸಮಾಜಕ್ಕೆ ಏನೂ ನಷ್ಟವಿಲ್ಲ ಅಂತ ಅದರಲ್ಲಿತ್ತು. ನಾನು ಈ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಮನೆಗಳು ಕೆಟ್ಟಿದ್ದವು ಅನ್ನುವುದು ಸುಳ್ಳಲ್ಲ. ಒಳಗೆ ನಲ್ಲಿ ಇಲ್ಲದ, ಕಕ್ಕಸು ಇಲ್ಲದ ಮನೆಗಳು ಬೇಕಾದಷ್ಟಿದ್ದವು. ರಿಪೇರಿಗೆ ಬ್ಯಾಂಕು ಸಾಲ ಕೊಡದೆ, ಬಾಡಿಗೆ ಎಣಿಸುವ ಮಾಲೀಕರು ಒಂದು ಹೆಂಚೂ ಬದಲಾಯಿಸದೆ ಇದ್ದರೆ ಮನೆ ಇನ್ನೇನಾಗುತ್ತದೆ? ನಮ್ಮಲ್ಲಿ ಕೇರಿ ಅಂತ ಒಂದು ಪದವಿದೆ. ಅದಕ್ಕೆ "ಕೊಳೆ" ಅಂತ ಸೇರಿಸಿದ ಕೂಡಲೇ ಅಲ್ಲಿರುವ ಜನ ಮಾಯವಾಗಿ ಕೊಳೆ ಮಾತ್ರ ಉಳಿಯುತ್ತದೆ. ಇಲ್ಲಿ ಆದದ್ದೂ ಅದೇ.

1949ರ ವಸತಿ ಕಾಯ್ದೆ ಇಂಥ ಜಾಗ ಕೆಡವಲು ಕೇಂದ್ರದ ಹಣ ತಂದಿತು. ಮೇಯರ್ ಲಾರೆನ್ಸ್ ಕಾಲದಲ್ಲಿ, 1956ರ ಮೇ 31ರಂದು, ಎಪಿಫನಿ ಸ್ಟ್ರೀಟ್‌ನ 1206ನೇ ನಂಬರಿನ ಮನೆ ಮೊದಲು ಬಿತ್ತು. ಆಮೇಲೆ ಸಾಲಾಗಿ ಬಿದ್ದವು. 95 ಎಕರೆ. ಸುಮಾರು 1,300 ಕಟ್ಟಡ. ನಾನೂರಕ್ಕೂ ಹೆಚ್ಚು ಅಂಗಡಿ, ವ್ಯಾಪಾರ. ಎಂಟು ಸಾವಿರಕ್ಕೂ ಹೆಚ್ಚು ಜನ. ಇದನ್ನೆಲ್ಲ ನಾನು ಓದಿ ಹೇಳುತ್ತಿದ್ದರೆ ಅಪ್ಪ ಬೆರಳು ಮಡಿಚುತ್ತಿದ್ದರು. ಅವರು ಒಂದು ದಿನಕ್ಕೆ ಇನ್ನೂರು ಕಾಗದ ಹಂಚಿದ್ದೇ ಜಾಸ್ತಿ. "ಇಷ್ಟು ಮನೆ ಅಂದರೆ ಒಂದು ಪೋಸ್ಟಾಫೀಸಿನ ಪೂರ್ತಿ ಬೀಟು" ಅಂದರು. ಆಮೇಲೆ ಕೇಳಿದರು: "ಆ ಮೇಲೆ ಬಂದ ಕಾಗದಗಳೆಲ್ಲ ಎಲ್ಲಿಗೆ ಹೋಗಿರಬಹುದು?"

ಬೆಥೆಲ್ ಎಎಂಇ (ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್) ಚರ್ಚಿನ ಸಭೆ 1808ರಲ್ಲಿ ಹುಟ್ಟಿದ್ದು. ಊರಿನ ಕಪ್ಪು ಜನರ ತೀರ ಹಳೆಯ ಸಭೆ. ಲೋವರ್ ಹಿಲ್‌ನಲ್ಲಿ ಅವರೇ ಕೂಡಿಟ್ಟ ಹಣದಲ್ಲಿ ಕಟ್ಟಿಕೊಂಡ ದೊಡ್ಡ ಇಟ್ಟಿಗೆಯ ಚರ್ಚಿತ್ತು. 1957ರಲ್ಲಿ ಅದನ್ನೂ ಕೆಡವಿದರು. ಹತ್ತಿರದಲ್ಲೇ ಇದ್ದ ಎಪಿಫನಿ ಕ್ಯಾಥಲಿಕ್ ಚರ್ಚನ್ನು ಉಳಿಸಿದರು. ಅದು ಇವತ್ತಿಗೂ ನಿಂತಿದೆ. ನಾವಿಬ್ಬರೂ ಅದರ ಮುಂದೆ ನಿಂತು ಎರಡು ಕೆಂಪು ಗೋಪುರಗಳನ್ನು ನೋಡಿದೆವು. ನೋಡಿದಷ್ಟೂ ಇಲ್ಲದಿರುವ ಆ ಇನ್ನೊಂದು ಚರ್ಚೇ ಕಣ್ಣಿಗೆ ಕಟ್ಟುತ್ತಿತ್ತು.

ಇಷ್ಟೆಲ್ಲ ಕೆಡವಿ ಕಟ್ಟಿದ್ದೇನು? 1961ರಲ್ಲಿ ಒಂದು ಉಕ್ಕಿನ ಗುಮ್ಮಟ. ಸಿವಿಕ್ ಅರೀನಾ. ಛಾವಣಿ ಜರುಗಿ ಬಿಚ್ಚಿಕೊಳ್ಳುತ್ತಿತ್ತು, ನಕ್ಷತ್ರಗಳ ಕೆಳಗೆ ಸಂಗೀತ ನಾಟಕ ನೋಡಲಿ ಅಂತ. ನಾಟಕದವರಿಗೆ ಅಲ್ಲಿ ಧ್ವನಿ ಸರಿಬರಲಿಲ್ಲ, ಬಿಟ್ಟುಹೋದರು. ಆಮೇಲೆ ಐಸ್ ಹಾಕಿಗೆ ಆಯಿತು. ಸುತ್ತ ಬರೀ ಪಾರ್ಕಿಂಗ್. ಹೊಸ ಮನೆಗಳು ಬರುತ್ತವೆ ಅಂತ ಹೇಳಿದ್ದ ಜಾಗದಲ್ಲಿ ದಶಕಗಟ್ಟಲೆ ಕಾರುಗಳು ನಿಂತವು. ಗುಡ್ಡಕ್ಕೂ ಪೇಟೆಗೂ ನಡುವೆ ಹೆದ್ದಾರಿಯ ಹಳ್ಳ ಬಂತು. ನಡೆದು ಕೆಲಸಕ್ಕೆ ಹೋಗುತ್ತಿದ್ದವರ ದಾರಿಯೇ ಮುಚ್ಚಿತು.

ಕೆಡವುವ ಕೆಲಸ ಇನ್ನೂ ಮೇಲಕ್ಕೆ ಏರುವುದಿತ್ತು. ಆಗ ಜನ ಸೆಂಟರ್ ಅವೆನ್ಯೂ ಮತ್ತು ಕ್ರಾಫರ್ಡ್ ಸ್ಟ್ರೀಟ್ ಮೂಲೆಯಲ್ಲಿ ಒಂದು ದೊಡ್ಡ ಬೋರ್ಡು ನಿಲ್ಲಿಸಿದರು. ಇಲ್ಲಿಂದ ಆಚೆಗೆ ಪುನರಭಿವೃದ್ಧಿ ಇಲ್ಲ ಅಂತ. ಅಲ್ಲಿಗೆ ಬುಲ್ಡೋಜರ್ ನಿಂತಿತು. ಆ ಮೂಲೆಗೆ ಈಗ ಫ್ರೀಡಂ ಕಾರ್ನರ್ ಅಂತ ಹೆಸರು. ನಾಗರಿಕ ಹಕ್ಕುಗಳ ಮೆರವಣಿಗೆಗಳು ಹೊರಡುತ್ತಿದ್ದದ್ದು ಅಲ್ಲಿಂದಲೇ. ಈಗ ಅಲ್ಲೊಂದು ಸ್ಮಾರಕವಿದೆ. ನಾವು ಹೋದಾಗ ಯಾರೋ ಇಟ್ಟುಹೋಗಿದ್ದ ಹೂವು ಬಾಡಿತ್ತು.

ಇಲ್ಲಿ ನಿಂತಾಗ ನನಗೆ ಹೊಳೆದದ್ದನ್ನು ಹೇಳಲೇಬೇಕು. 1946ರ ನಂತರ ಅಮೆರಿಕ ಭಾರತಕ್ಕೆ ಇಟ್ಟಿದ್ದ ವಲಸೆಯ ಮಿತಿ ವರ್ಷಕ್ಕೆ ನೂರು ಜನ. ಆ ಬಾಗಿಲು ಸರಿಯಾಗಿ ತೆರೆದದ್ದು 1965ರ ಕಾಯ್ದೆಯಿಂದ. ಬಣ್ಣ ನೋಡಿ ಮನುಷ್ಯರನ್ನು ಅಳೆಯಬಾರದು ಅಂತ ಕಪ್ಪು ಜನ ಬೀದಿಗಿಳಿದು, ಏಟು ತಿಂದು, ಜೈಲಿಗೆ ಹೋಗಿ ಒಪ್ಪಿಸಿದ ಕಾಲದಲ್ಲಿ ಬಂದ ಕಾಯ್ದೆ ಅದು. ಪೆನ್ ಹಿಲ್ಸ್‌ನ ದೇವಸ್ಥಾನ, ನಮ್ಮ ಕನ್ನಡ ರಾಜ್ಯೋತ್ಸವ, ನನ್ನ ವೀಸಾ, ಎಲ್ಲದರ ಅಡಿಪಾಯದಲ್ಲಿ ಈ ಮೂಲೆಯ ಒಂದು ಕಲ್ಲಿದೆ. ಅಂಥ ಜಾಗಕ್ಕೆ ಹೋಗಬೇಡಿ ಅಂತ ನಾನು ಹೇಳುತ್ತಿದ್ದೆ.

ಈಗ ಆಂಬುಲೆನ್ಸ್ ಕತೆ. 1966ರ ನವೆಂಬರ್ 4ರಂದು ಅದೇ ಡೇವಿಡ್ ಲಾರೆನ್ಸ್, ಅಷ್ಟು ಹೊತ್ತಿಗೆ ಮಾಜಿ ಗವರ್ನರ್, ಚುನಾವಣಾ ಸಭೆಯಲ್ಲಿ ಭಾಷಣ ಮಾಡುತ್ತಾ ಕುಸಿದುಬಿದ್ದರು. ಆ ಕಾಲದಲ್ಲಿ ರೋಗಿಗಳನ್ನು ಸಾಗಿಸುತ್ತಿದ್ದದ್ದು ಪೊಲೀಸ್ ವ್ಯಾನು, ಇಲ್ಲವೇ ಶವ ಒಯ್ಯುವವರ ಗಾಡಿ. ಹಿಂದೆ ಎತ್ತಿ ಹಾಕಿಕೊಂಡು ಓಡಿಸುವುದು, ಅಷ್ಟೇ. ಲಾರೆನ್ಸ್ ಅವರನ್ನೂ ಪೊಲೀಸ್ ವ್ಯಾನಿನಲ್ಲೇ ಒಯ್ದರು. ಮಿದುಳಿಗೆ ಉಸಿರು ಸಾಲದೆ ಹೋಗಿತ್ತು. ಹದಿನೇಳು ದಿನಕ್ಕೆ ತೀರಿಕೊಂಡರು.

ಅದೇ ಊರಿನಲ್ಲಿದ್ದರು ಡಾಕ್ಟರ್ ಪೀಟರ್ ಸಾಫರ್. ವಿಯೆನ್ನಾದಲ್ಲಿ ಹುಟ್ಟಿದವರು. ಎದೆ ಒತ್ತಿ, ಬಾಯಿಂದ ಉಸಿರು ಕೊಟ್ಟು ಜೀವ ಉಳಿಸುವ ಸಿಪಿಆರ್ ಅನ್ನುವ ವಿದ್ಯೆಗೆ ರೂಪ ಕೊಟ್ಟವರಲ್ಲಿ ಮುಖ್ಯರು. ಅದೇ 1966ರಲ್ಲಿ ಅವರ ಮಗಳು ಆಸ್ತಮಾದಿಂದ ತೀರಿಹೋಗಿದ್ದಳು. ಆಂಬುಲೆನ್ಸಿನಲ್ಲೇ ಚಿಕಿತ್ಸೆ ಶುರುವಾಗಬೇಕು ಅನ್ನುವುದು ಅವರ ಹಟ. ಫಿಲ್ ಹ್ಯಾಲೆನ್ ಅನ್ನುವವರ ಬಳಿ ಒಂದು ಧರ್ಮನಿಧಿಯ ಹಣವಿತ್ತು. ಗುಡ್ಡದಲ್ಲಿ ಫ್ರೀಡಂ ಹೌಸ್ ಅನ್ನುವ ಸಂಸ್ಥೆ ನಿರುದ್ಯೋಗಿ ಹುಡುಗರಿಗೆ ಕೆಲಸ ಹುಡುಕುತ್ತಿತ್ತು. ಮೂವರೂ ಸೇರಿದರು. 1967ರಲ್ಲಿ ಹಿಲ್‌ನ ಯುವಕರನ್ನು ಆರಿಸಿ ತರಬೇತಿ ಕೊಟ್ಟರು. ಕೆಲವರು ಹೈಸ್ಕೂಲು ಮುಗಿಸಿರಲಿಲ್ಲ. ಕೆಲವರು ಯುದ್ಧದಿಂದ ವಾಪಸಾದವರು. ಮುನ್ನೂರು ಗಂಟೆಗಳ ಪಾಠ. ದೇಹದ ರಚನೆ, ಹೃದಯದ ಲಯ, ಉಸಿರ ಕೊಳವೆ, ಹೆರಿಗೆ. ಆ ಕಾಲಕ್ಕೆ ದೇಶದಲ್ಲಿ ಅಂಥ ತರಬೇತಿ ಪಡೆದವರು ಇರಲಿಲ್ಲ ಅಂದರೂ ಆದೀತು.

1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ ಗುಡ್ಡ ಹೊತ್ತಿ ಉರಿಯಿತು. ಸೆಂಟರ್ ಅವೆನ್ಯೂನ ಎಷ್ಟೋ ಅಂಗಡಿ ಮತ್ತೆ ಏಳಲಿಲ್ಲ. ಅದೇ ವರ್ಷ ಫ್ರೀಡಂ ಹೌಸ್ ಆಂಬುಲೆನ್ಸುಗಳು ಪೂರ್ತಿ ಕೆಲಸಕ್ಕಿಳಿದವು. ಮೊದಲ ವರ್ಷವೇ ಐದು ಸಾವಿರಕ್ಕೂ ಹೆಚ್ಚು ಕರೆ. ಗುಡ್ಡದವರಿಗೆ ಸಿಗುತ್ತಿದ್ದ ಚಿಕಿತ್ಸೆ ಪೇಟೆಯಾಚೆಯ ಶ್ರೀಮಂತ ಬಡಾವಣೆಗಳಿಗೆ ಸಿಗುತ್ತಿರಲಿಲ್ಲ. ಆಮೇಲೆ ಅವರ ವೈದ್ಯಕೀಯ ನಿರ್ದೇಶಕಿಯಾದ ಡಾಕ್ಟರ್ ನ್ಯಾನ್ಸಿ ಕ್ಯಾರೊಲಿನ್ ಇವರ ಕೆಲಸ ನೋಡಿ ನೋಡಿ ಪಾಠಕ್ರಮ ಬರೆದರು. ದೇಶದ ಪ್ಯಾರಾಮೆಡಿಕ್ ತರಬೇತಿಗೆ ಅದೇ ಅಡಿಪಾಯವಾಯಿತು.

ಮತ್ತೆ ಏನಾಯಿತು ಅಂದರೆ, 1975ರಲ್ಲಿ ನಗರ ತನ್ನದೇ ಆಂಬುಲೆನ್ಸ್ ಸೇವೆ ಶುರುಮಾಡಿತು. ಅಕ್ಟೋಬರ್‌ನಲ್ಲಿ ಫ್ರೀಡಂ ಹೌಸ್ ಮುಚ್ಚಿತು. ಹೊಸ ಸೇವೆ ಬಹುಪಾಲು ಬಿಳಿಯರದು. ಸೇರಿಕೊಂಡ ಹಳಬರನ್ನು ಹಿಂದಕ್ಕೆ ತಳ್ಳಿದರು, ಕಲಿಸಿದವರಿಗೇ ಪರೀಕ್ಷೆ ಇಟ್ಟರು. ಒಬ್ಬೊಬ್ಬರೇ ಬಿಟ್ಟರು. ಕಚ್ಚಿಕೊಂಡು ಉಳಿದ ಜಾನ್ ಮೂನ್ ಮುಂದೆ ಅದೇ ಸೇವೆಯ ಸಹಾಯಕ ಮುಖ್ಯಸ್ಥರಾದರು. ಇದನ್ನು ನಾನು ಎರಡನೇ ನೆಲಸಮ ಅಂತಲೇ ಕರೆಯುತ್ತೇನೆ. ಮೊದಲ ಸಲ ಮನೆ, ಈ ಸಲ ಕೈಕೆಲಸ.

ಅಪ್ಪ ಕೇಳುತ್ತಾ ಸುಮ್ನೆ ಕೂತಿದ್ದರು. ನಮ್ಮ ಅಜ್ಜನನ್ನು ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ ಹೊರಟದ್ದು, ಅರ್ಧ ದಾರಿಯಲ್ಲೇ ವಾಪಸ್ ತಿರುಗಿಸಿದ್ದು ಅವರಿಗೆ ನೆನಪಾಗಿರಬೇಕು. ಕರ್ನಾಟಕದಲ್ಲಿ 108 ಬಂದದ್ದು 2008ರ ನವೆಂಬರ್ 1ರಂದು. ಆ ಗಾಡಿಯೊಳಗೆ ಒಬ್ಬ ತರಬೇತಾದವನು ರೋಗಿಯ ಪಕ್ಕ ಕೂತು ಬರುತ್ತಾನಲ್ಲ, ಆ ಪದ್ಧತಿಗೆ ದಾರಿ ಮಾಡಿದ ಮೊದಲಿಗರಲ್ಲಿ ಈ ಗುಡ್ಡದ ಹುಡುಗರೂ ಇದ್ದರು ಅಂತ ಹೇಳಿದೆ. ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು. ಅಂಟುಪಟ್ಟಿ ಅಂಟಿಸಿದ್ದ ಜಾಗದಲ್ಲಿ.

ಆಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಅರೀನಾವನ್ನು 2011-12ರಲ್ಲಿ ಕೆಡವಿದರು, ಪಕ್ಕದಲ್ಲೇ ಹೊಸದು ಬಂದಿತ್ತು. ಹೊಸ ಅರೀನಾ ಕಟ್ಟಲು ಹೊರಟಾಗಲೇ ಜನ ಒಗ್ಗಟ್ಟಾಗಿ 2008ರಲ್ಲಿ ಒಂದು ಒಪ್ಪಂದ ಬರೆಸಿಕೊಂಡಿದ್ದರು. ಅದರ ಫಲವಾಗಿ 2013ರಲ್ಲಿ ಗುಡ್ಡಕ್ಕೆ ದಿನಸಿ ಅಂಗಡಿ ಬಂತು, ಸುಮಾರು ಮೂವತ್ತು ವರ್ಷದ ನಂತರ. 2019ರಲ್ಲಿ ಮುಚ್ಚಿತು. ಹೆದ್ದಾರಿಯ ಹಳ್ಳದ ಮೇಲೆ ಮುಚ್ಚಳ ಹಾಕಿ 2021ರಲ್ಲಿ ಒಂದು ಪಾರ್ಕು ಮಾಡಿದರು. ಗುಡ್ಡಕ್ಕಾಗಿ ಹೋರಾಡಿದ, ಸಂಗೀತದ ಅಂಗಡಿ ಇಟ್ಟಿದ್ದ ಫ್ರ್ಯಾಂಕಿ ಪೇಸ್ ಅವರ ಹೆಸರಿಟ್ಟಿದ್ದಾರೆ. 2023ರಲ್ಲಿ ಬೆಥೆಲ್ ಚರ್ಚಿಗೆ ಅದರ ಹಳೆಯ ನೆಲದ ಹತ್ತಿರ ಒಂದೂವರೆ ಎಕರೆ ಕೊಡುವುದಾಗಿ ಅರೀನಾದ ಐಸ್ ಹಾಕಿ ತಂಡ ಒಪ್ಪಿಕೊಂಡಿತು. ಅರವತ್ತಾರು ವರ್ಷ ಬಿಡದೆ ಕೇಳಿದ್ದಕ್ಕೆ.

ಕೊನೆಗೆ ಬೆಡ್‌ಫರ್ಡ್ ಅವೆನ್ಯೂ. 1727ನೇ ನಂಬರು. ನಾಟಕಕಾರ ಆಗಸ್ಟ್ ವಿಲ್ಸನ್ 1945ರಲ್ಲಿ ಹುಟ್ಟಿದ ಮನೆ. ಮುಂದೆ ದಿನಸಿ ಅಂಗಡಿ, ಹಿಂದೆ ಬಿಸಿನೀರಿಲ್ಲದ ಎರಡು ಕೋಣೆ. ಅಲ್ಲಿ ಅಮ್ಮ ಡೇಸಿ ಮಕ್ಕಳನ್ನು ಸಾಕಿದರು. ಪ್ರಬಂಧ ಕದ್ದು ಬರೆದದ್ದು ಅಂತ ಮೇಷ್ಟ್ರೊಬ್ಬರು ಅನುಮಾನಿಸಿದ್ದಕ್ಕೆ ಹುಡುಗ ಹದಿನೈದಕ್ಕೇ ಶಾಲೆ ಬಿಟ್ಟ, ಲೈಬ್ರರಿಯಲ್ಲಿ ಕೂತು ಓದಿದ. ಇಪ್ಪತ್ತನೇ ಶತಮಾನದ ಒಂದೊಂದು ದಶಕಕ್ಕೆ ಒಂದೊಂದರಂತೆ ಹತ್ತು ನಾಟಕ ಬರೆದ. ಒಂಬತ್ತು ಈ ಗುಡ್ಡದಲ್ಲೇ ನಡೆಯುತ್ತವೆ. ಎರಡು ಸಲ ಪುಲಿಟ್ಜರ್ ಬಂತು. ಪಾಳುಬಿದ್ದಿದ್ದ ಮನೆಯನ್ನು 2022ರಲ್ಲಿ ದುರಸ್ತಿ ಮಾಡಿ ತೆರೆದರು. ಅಪ್ಪ ಗೇಟಿನ ಹತ್ತಿರ ಹೋಗಿ ನಂಬರನ್ನು ಜೋರಾಗಿ ಓದಿದರು. ಕಾಗದ ಕೊಡುವ ಮೊದಲು ಓದುತ್ತಿದ್ದ ಹಾಗೆ.

ಈಗ ಅವರು ತಿಪಟೂರಿನಲ್ಲಿದ್ದಾರೆ. ಟೀನಿ ಹ್ಯಾರಿಸ್ ಫೋಟೋಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ ಅಂತ ತೋರಿಸಿಕೊಟ್ಟಿದ್ದೆ. ಫೋಟೋದಲ್ಲಿರುವ ಎಷ್ಟೋ ಜನರ ಹೆಸರು ಬರೆದಿಟ್ಟಿಲ್ಲ. ಗೊತ್ತಿದ್ದವರು ಹೇಳಿ ಅಂತ ಸಂಗ್ರಹಾಲಯದವರು ಗುಡ್ಡದ ಹಿರಿಯರನ್ನು ಕೇಳಿ ಕೇಳಿ ಒಂದೊಂದೇ ಹೆಸರು ಸೇರಿಸಿದ್ದಾರೆ. ಅಪ್ಪ ಮಧ್ಯಾಹ್ನ ಕನ್ನಡಕ ಏರಿಸಿಕೊಂಡು ಟ್ಯಾಬ್ ಹಿಡಿದು ಕೂರುತ್ತಾರಂತೆ. ಬೆರಳಲ್ಲಿ ದೊಡ್ಡದು ಮಾಡಿ ಹಿಂದಿನ ಬಾಗಿಲ ಮೇಲಿನ ನಂಬರು ಹುಡುಕುತ್ತಾರಂತೆ. ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದರು. ಅಂಗಡಿ ಮೆಟ್ಟಿಲ ಮೇಲೆ ಕೂತ ಒಬ್ಬ ಹೆಂಗಸು, ಮಡಿಲಲ್ಲಿ ಮಗು. ಕೆಳಗೆ ಅಪ್ಪನ ಧ್ವನಿ ಸಂದೇಶ: "ನಂಬರು ಅರ್ಧ ಕಾಣುತ್ತೆ, ನೋಡು. ಇವರು ಯಾರು ಅಂತ ಅಲ್ಲಿ ಯಾರನ್ನಾದರೂ ಕೇಳೋಕಾಗುತ್ತಾ?"